ಮೇಲಿನಿಂದ ಇಳಿದ ತೇವ

ಮೇಲಿನ ಮನೆಯ ಬಚ್ಚಲಿನ ನಲ್ಲಿ ಬಂದ್ ಮಾಡಿ ಅವತ್ತಿಗೆ ಒಂಬತ್ತು ದಿನ. ಗೋಡೆಯ ಮೇಲಿನ ಬೂಷ್ಟು ಇಷ್ಟು ಹೊತ್ತಿಗೆ ಒಣಗಿ, ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಉದುರಬೇಕಿತ್ತು. ಪದ್ಮಾಕರ ತಾಮ್ಹಣೆ ಮೈತುಂಬ ಸೋಪು ಹಚ್ಚಿಕೊಂಡವನು ಹಾಗೇ ನಿಂತು ತಲೆಯೆತ್ತಿ ನೋಡಿದ. ಅದು ಉದುರುವ ಲಕ್ಷಣವಿರಲಿಲ್ಲ. ಸೂರಿನ ಮೂಲೆಯಿಂದ ಹೊರಟು ಗೀಜರಿನ ಬೆನ್ನ ಹಿಂದೆ ಹಾದು ಇಳಿದಿದ್ದ ಕಪ್ಪು, ನಿನ್ನೆಯವರೆಗೆ ಟವೆಲು ಹಾಕುವ ಮೊಳೆಗಿಂತ ಒಂದು ಗೇಣು ಮೇಲೆ ನಿಂತಿತ್ತು. ಇವತ್ತು ಮೊಳೆಯನ್ನು ದಾಟಿ, ಅದರ ಕೆಳಗೆ ಸಾಸಿವೆ ಎರಚಿದ ಹಾಗೆ ಹತ್ತಾರು ಹೊಸ ಚುಕ್ಕೆಗಳನ್ನು ಹುಟ್ಟಿಸಿಕೊಂಡಿತ್ತು. ಅವನು ಒಂದು ಚುಕ್ಕೆಯ ಮೇಲೆ ಬೆರಳಿಟ್ಟ. ತಣ್ಣಗೆ, ಮೆತ್ತಗೆ, ಬೆಕ್ಕಿನ ಕಿವಿಯ ಹಾಗಿತ್ತು. ಬಕೆಟ್ಟಿನ ಬಿಸಿನೀರಿನಿಂದ ಎದ್ದ ಹಬೆ ಅವನ ಮೊಣಕಾಲು, ಹೊಟ್ಟೆ, ಕಿವಿ ಸವರಿಕೊಂಡು ಮೇಲೆ ಹೋಗಿ, ಗಾಳಿಕಿಂಡಿಗೆ ಹೊಡೆದಿದ್ದ ಪ್ಲೈವುಡ್ಡಿನ ಹಲಗೆಯನ್ನು ಮುಟ್ಟಿ, ಹೋಗಲು ದಾರಿಯಿಲ್ಲದೆ ಹಿಂತಿರುಗಿ, ಗೋಡೆಯ ಮೇಲೆ ಕೂತುಕೊಂಡಿತು. ಅದು ಹಾಗೆ ಕೂರುವುದನ್ನು ಅವನು ಕಣ್ಣಾರೆ ಕಂಡ. ಮೂವತ್ತೊಂದು ವರ್ಷದಿಂದ ಅವನ ಮನೆಯ ಅನ್ನ ಹುಟ್ಟುತ್ತಿದ್ದುದೇ ಒದ್ದೆಯಿಂದ. ವಿಮಾ ಕಂಪನಿಯ ಪರವಾಗಿ ಗೋದಾಮುಗಳಿಗೆ ಹೋಗಿ, ನೆನೆದು ಹಾಳಾದ ಸರಕಿನ ಮುಂದೆ ನಿಂತು, ನೀರು ಎಲ್ಲಿಂದ ಬಂತು ಎಂದು ಬರೆದುಕೊಡುವುದು ಅವನ ಕೆಲಸ. ನೀರು ಮೇಲಿನಿಂದ ಬರುತ್ತದೆ, ಕೆಳಗಿನಿಂದ ಬರುತ್ತದೆ, ಪಕ್ಕದಿಂದ ಬರುತ್ತದೆ. ನಾಲ್ಕನೆಯದು ಒಂದಿದೆ: ಎಲ್ಲಿಂದಲೂ ಬರುವುದಿಲ್ಲ, ಗಾಳಿಯಾಡದ ಜಾಗದಲ್ಲಿ ಸರಕು ತನ್ನ ಬೆವರಿನಲ್ಲಿ ತಾನೇ ಕೊಳೆಯುತ್ತದೆ. ಹಾಗೆಂದು ಬರೆದಾಗಲೆಲ್ಲ ಗೋದಾಮಿನವರು ಜಗಳಕ್ಕೆ ಬರುತ್ತಿದ್ದರು. ಆ ನಾಲ್ಕನೆಯದನ್ನು ಬೇರೆ ಯಾರ ತಲೆಗೂ ಕಟ್ಟಲು ಬರುವುದಿಲ್ಲ.

"ರೀ, ಎಷ್ಟು ಹೊತ್ತು? ಮಂದಾತಾಯಿ ಬಂದು ನಿಂತಿದಾರೆ," ಎಂದು ಹೊರಗಿನಿಂದ ಹೆಂಡತಿ ಶೈಲಜಾ ಬಾಗಿಲು ತಟ್ಟಿದಳು.

ಅವನು ಎರಡು ಚೊಂಬು ನೀರು ಸುರಿದುಕೊಂಡು, ಅಂಗೈಯಿಂದ ಹೊಸ ಚುಕ್ಕೆಗಳನ್ನು ಒರೆಸಿದ. ಚುಕ್ಕೆಗಳು ಹೋಗಿ ಅಲ್ಲೊಂದು ಬೂದು ಬಣ್ಣದ ಅಂಗೈ ಮೂಡಿತು. ಕೈ ತೊಳೆದು, ಟವೆಲು ಸುತ್ತಿಕೊಂಡು ಬಾಗಿಲು ತೆರೆದರೆ ಎದುರಿಗೇ ಮಂದಾಕಿನಿ ಖೋತ್ ನಿಂತಿದ್ದಳು. ಒಂದು ಕೈಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಬಕೆಟ್ಟಿನೊಳಗೆ ಸೋಪಿನ ಡಬ್ಬಿ, ಒಣಬಟ್ಟೆ, ಒಂದು ಪುಟ್ಟ ಮಣೆ. ಇನ್ನೊಂದು ಕೈಯಲ್ಲಿ ಅವಳ ಅಕ್ಕ ಪ್ರಮೀಳಾಳ ರಟ್ಟೆ. ಮಂದಾತಾಯಿ ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಪ್ರಮೀಳಾಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಬದುಕೆಲ್ಲ ಮಾತಾಡಿ, ಮೂರು ವರ್ಷದ ಹಿಂದೆ ಲಕ್ವ ಹೊಡೆದ ಮೇಲೆ ದಿನಕ್ಕೆ ಐದಾರು ಮಾತಿಗೆ ಇಳಿದವಳು. ಅವರ ಬಚ್ಚಲನ್ನು ಅಗೆದು ಹಾಕಿದ್ದರಿಂದ, ಅದು ಮುಗಿಯುವವರೆಗೆ ತಮ್ಮಲ್ಲೇ ಸ್ನಾನಕ್ಕೆ ಬನ್ನಿ ಎಂದು ಶೈಲಜಾಳೇ ಕರೆದಿದ್ದಳು. ಕರೆಯದೆ ಹೇಗಿರುವುದು? ಅಗೆಸಿದ್ದು ತನ್ನ ಗಂಡ.

"ನಿಧಾನ ಆಗಲಿ ಭಾವೋಜಿ, ನಮಗೇನು ಆಫೀಸಾ?" ಎಂದಳು ಮಂದಾತಾಯಿ. ಅದು ವ್ಯಂಗ್ಯವೋ ಸಹಜವೋ ಅವನಿಗೆ ತಿಳಿಯಲಿಲ್ಲ. ಬರಿಮೈಯಲ್ಲಿ ಅವಳ ಮುಂದೆ ಹಾದುಹೋಗುವುದು ಒಂಬತ್ತು ದಿನವಾದರೂ ಅಭ್ಯಾಸವಾಗಿರಲಿಲ್ಲ. ಹೊಟ್ಟೆಯನ್ನು ಒಳಗೆ ಎಳೆದುಕೊಂಡು ಗೋಡೆಗೆ ಅಂಟಿ ಸರಿದ. ಪ್ರಮೀಳಾಕ್ಕ ಅವನ ಮುಖ ನೋಡಲಿಲ್ಲ, ತೊಳೆದರೂ ಬೂಷ್ಟು ಉಳಿದಿದ್ದ ಅವನ ಉಗುರುಗಳನ್ನು ನೋಡುತ್ತಿದ್ದಳು. ಅವನು ಕೈಯನ್ನು ಟವೆಲಿನಡಿ ತೂರಿಸಿದ.

ಜುಲೈ ತಿಂಗಳಲ್ಲಿ ಕಟ್ಟಡದ ಸೊಸೈಟಿಯ ಕಮಿಟಿ ಬೂಷ್ಟು ನೋಡಲು ಬಂದ ದಿನವೂ ಅವನು ಹೀಗೆಯೇ ಗೋಡೆಗೆ ಅಂಟಿಕೊಂಡು ನಿಂತಿದ್ದ. ಐದು ಜನ ಗಂಡಸರು ಚಪ್ಪಲಿ ಕಳಚಿಟ್ಟು, ಪ್ಯಾಂಟು ಮೇಲೆತ್ತಿ, ಬಚ್ಚಲಲ್ಲಿ ಒಬ್ಬರ ಭುಜಕ್ಕೊಬ್ಬರು ತಾಗಿಸಿಕೊಂಡು ನಿಂತು ದೇವರ ದರ್ಶನಕ್ಕೆ ಬಂದವರಂತೆ ಮೇಲೆ ನೋಡುತ್ತಿದ್ದರು. ಪ್ಲಂಬರನ್ನು ಕರೆಸೋಣವೇ ಎಂದು ಯಾರೋ ಕೇಳಿದರು. ಸೆಕ್ರೆಟರಿ ಚಿಟಣೀಸ್, "ಛೇ ಛೇ, ತಾಮ್ಹಣೆ ಸಾಹೇಬ್ರು ಇರೋವಾಗ ಪ್ಲಂಬರ್ ಯಾಕ್ರಿ? ಇಡೀ ಭಿವಂಡಿಯ ಗೋದಾಮಿನವರು ಇವರ ಸಹಿಗೆ ನಡುಗ್ತಾರೆ. ಹೇಳಿ ಸಾಹೇಬ್ರೆ, ಎಲ್ಲಿಂದ?" ಎಂದಿದ್ದ. ಐದು ಮುಖಗಳು ಸೂರಿನಿಂದ ಇಳಿದು ಅವನತ್ತ ತಿರುಗಿದವು. ಅಷ್ಟು ಜನ ಒಟ್ಟಿಗೆ ತನ್ನ ಮಾತಿಗಾಗಿ ಕಾದದ್ದು ಅವನಿಗೆ ನೆನಪಿರಲಿಲ್ಲ. ಕಮಿಟಿಯಲ್ಲಿ ಎಲ್ಲರಿಗಿಂತ ಚಿಕ್ಕವನಾದ ಒಬ್ಬ ಆ ಹಲಗೆ ತೋರಿಸಿ, "ಅದ್ಯಾಕೆ ಮುಚ್ಚಿದೀರಿ ಕಾಕಾ?" ಎಂದು ಕೇಳಿದ್ದ. "ಪಾರಿವಾಳ," ಎಂದಿದ್ದ ತಾಮ್ಹಣೆ. ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು. ಡೊಂಬಿವಲಿಯಲ್ಲಿ ಪಾರಿವಾಳದ ಕಾಟವಿಲ್ಲದ ಮನೆಯೇ ಇಲ್ಲ. ಆಮೇಲೆ ಅವನು ಗಂಟಲು ಸರಿಪಡಿಸಿಕೊಂಡು, "ಮೇಲಿನಿಂದ," ಎಂದ. ಎಲ್ಲರೂ ಮೇಲೆ ನೋಡುತ್ತಿದ್ದುದರಿಂದ ಹಾಗೆಂದನೋ ಏನೋ. ಮರುದಿನ ಚಿಟಣೀಸ್ ಬರವಣಿಗೆಯಲ್ಲಿ ಕೇಳಿದಾಗ, ಆಫೀಸಿನ ಭಾಷೆಯಲ್ಲಿ, ಆಫೀಸಿನ ಪೆನ್ನಿನಲ್ಲಿ ಬರೆದುಕೊಟ್ಟ: ಸದರಿ ತೇವವು ಮೂರನೇ ಮಹಡಿಯ ಬಚ್ಚಲಿನ ನೆಲದ ಮೂಲಕ ಮೇಲಿನಿಂದ ಇಳಿದಿರುತ್ತದೆ. ಸಭೆಯಲ್ಲಿ ಅದನ್ನು ಓದಿದಾಗ ಮಂದಾತಾಯಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. "ಹಾಗಾ?" ಎಂದು ಒಂದೇ ಮಾತು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ. ಮೂರನೇ ಮಹಡಿಯ ಬಚ್ಚಲು ಅಗೆಯಬೇಕೆಂಬ ತೀರ್ಮಾನಕ್ಕೆ ಉಳಿದವರೆಲ್ಲ ಸಹಿ ಹಾಕಿದರು.

ತಿಂಡಿಗೆ ಪೋಹೆ ಮಾಡಿದ್ದಳು ಶೈಲಜಾ. ಬಚ್ಚಲಿನಿಂದ ಮಂದಾತಾಯಿಯ ದನಿ ಕೇಳುತ್ತಿತ್ತು: "ಬಲಗಾಲು. ಹೂಂ, ಬಲಗಾಲು ಅಕ್ಕ. ಅದು ಎಡಗಾಲು." ಅವನು ಪೋಹೆ ಅಗಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡ. ಅವಳು ಈಗ ಸೋಪು ಇಡಲು ತಿರುಗುತ್ತಾಳೆ, ಗೋಡೆಯ ಮೇಲಿನ ಅಂಗೈ ಗುರುತು ಕಾಣುತ್ತದೆ, ಒಂಬತ್ತು ದಿನದಿಂದ ತಮ್ಮ ಮನೆಯಲ್ಲಿ ಒಂದು ಹನಿ ನೀರಿಲ್ಲ ಎಂದು ಅವಳಿಗೆ ಹೊಳೆಯುತ್ತದೆ. ಅವನು ಕಾದ. ಅವರು ಸ್ನಾನ ಮುಗಿಸಿ ಹೊರಬಂದರು. ಮಂದಾತಾಯಿ, "ಬರ್ತೀವಿ ಶೈಲಾ, ಬಚ್ಚಲು ತೊಳೆದು ಬಿಟ್ಟಿದೀನಿ," ಎಂದು ಹೇಳಿ ಹೋದಳು. ಮೆಟ್ಟಿಲ ಮೇಲೆ ಆ ನಾಲ್ಕು ಕಾಲುಗಳು ಹತ್ತುವ ಸದ್ದು ಬಹಳ ಹೊತ್ತು ಕೇಳಿತು. ನಂತರ ಮೇಲೆ ಸುತ್ತಿಗೆಯ ಪೆಟ್ಟು ಶುರುವಾಯಿತು.

ಕೆಳಗೆ ಗೇಟಿನ ಹತ್ತಿರ ಮೇಲಿನ ಮನೆಯ ನೆಲ ಗೋಣಿಚೀಲಗಳಲ್ಲಿ ತುಂಬಿ ಕೂತಿತ್ತು. ಶಹಾಬಾದಿನ ಒರಟು ಕಲ್ಲು, ಮೂವತ್ತು ವರ್ಷದ ಸೋಪು ಕುಡಿದು ಅಂಚು ಬೆಳ್ಳಗಾದದ್ದು. ಒಂದು ಚೀಲದ ಬಾಯಿ ಬಿಚ್ಚಿ, ಮಳೆಯಲ್ಲಿ ನೆನೆದ ಕಲ್ಲಿನ ಚೂರುಗಳು ನೀಲಿಯಾಗಿ ಹೊಳೆಯುತ್ತಿದ್ದವು. ಅವನ ಕಣ್ಣು ಕಲ್ಲುಗಳ ಕೆಳಬದಿಯನ್ನು ಹುಡುಕಿತು. ಕಲ್ಲಿನಡಿ ನೀರು ಇಳಿಯುತ್ತಿದ್ದರೆ ಅದರ ಬೆನ್ನಿಗೆ ಕಪ್ಪು ಹತ್ತಿರಬೇಕು, ಸಿಮೆಂಟು ಕೊಳೆತು ಮರಳಾಗಿರಬೇಕು. ಕಲ್ಲುಗಳ ಬೆನ್ನಿಗೆ ಸಿಮೆಂಟು ಇಟ್ಟ ದಿನದಂತೆ ಗಟ್ಟಿಯಾಗಿ, ಒಣಗಿ, ಕಚ್ಚಿಕೊಂಡಿತ್ತು. ಅವನು ಕೊಡೆ ಬಿಚ್ಚಿ ಸ್ಟೇಷನ್ನಿನ ಕಡೆಗೆ ನಡೆದ. ನಡೆಯುತ್ತ, ಕೆಲಸದವರು ಇನ್ನೂ ಅರ್ಧ ನೆಲವನ್ನಷ್ಟೇ ಒಡೆದಿರಬಹುದು, ಈಗಲೂ ಹೋಗಿ ನಿಲ್ಲಿಸಬಹುದು ಎನ್ನಿಸಿತು. ಲೋಕಲ್ ಬಂತು. ಹತ್ತಿದ.

ಗಾಳಿಕಿಂಡಿ ಮುಚ್ಚುವ ಮೊದಲು ಅವನು ಹಾಡುತ್ತಿದ್ದ. ಗೆಳೆಯರ ಮನೆಯಲ್ಲಾಗಲಿ ಗಣಪತಿ ಪೆಂಡಾಲಿನಲ್ಲಾಗಲಿ ಎಂದೂ ಬಾಯಿ ಬಿಟ್ಟವನಲ್ಲ. ಬಚ್ಚಲಲ್ಲಿ ಮಾತ್ರ, ತಲೆಯ ಮೇಲೆ ಮೊದಲ ಚೊಂಬು ಬಿದ್ದ ಕೂಡಲೇ, ಅಪ್ಪ ಹಾಡುತ್ತಿದ್ದ ಹಳೆಯ ನಾಟಕದ ಪದಗಳು ತಾವಾಗಿ ಬರುತ್ತಿದ್ದವು. ಬಚ್ಚಲಲ್ಲಿ ತನ್ನ ದನಿ ದೊಡ್ಡದಾಗುತ್ತದೆ, ದುಂಡಗಾಗುತ್ತದೆ ಎಂದು ಅವನಿಗನ್ನಿಸಿತ್ತು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವನು ಎಳೆದು ಬಿಟ್ಟ ಹಾಡಿನ ತಾನ, ಗಾಳಿಕಿಂಡಿಯಾಚೆ ಪೈಪುಗಳ ಸಂದಿಯಿಂದ ತಿರುಗಿ ಬಂತು. ಮೊದಲು ಪ್ರತಿಧ್ವನಿ ಎಂದುಕೊಂಡ. ಪ್ರತಿಧ್ವನಿ ಕೊನೆಗೆ ಮೇಕೆಯ ಹಾಗೆ ಅರಚಿತು. ಆಮೇಲೆ ನಗು, ಒಬ್ಬರದಲ್ಲ, ಎರಡು ಮೂರು ಮಹಡಿಗಳ ನಗು. ಅವನು ತಲೆಯ ಮೇಲೆ ಚೊಂಬು ಹಿಡಿದುಕೊಂಡೇ ನಿಂತಿದ್ದ. ಅವತ್ತಿನಿಂದ ತಿಂಗಳುಗಟ್ಟಲೆ ಮೆಟ್ಟಿಲ ಮೇಲೆ ಸಿಕ್ಕವರ ಬಾಯಿಯನ್ನೇ ನೋಡಿದ, ಮೇಕೆ ಯಾರ ಗಂಟಲಲ್ಲಿರಬಹುದು ಎಂದು. ಒಂದು ಭಾನುವಾರ ಹಲಗೆ ತಂದು, ಅಳತೆಗೆ ಕೊಯ್ದು, ಹನ್ನೆರಡು ಮೊಳೆ ಹೊಡೆದ. ಹೆಂಡತಿಗೆ ಪಾರಿವಾಳ ಎಂದ. ಹಾಡನ್ನೂ ನಿಲ್ಲಿಸಿದ. ಹಾಡು ನಿಂತ ಮೇಲೆ ಹಲಗೆಯ ಅಗತ್ಯವಿರಲಿಲ್ಲ. ಆದರೆ ಅದನ್ನು ತೆಗೆದರೆ ಯಾಕೆ ತೆಗೆದೆ ಎಂದು ತನಗೆ ತಾನೇ ಹೇಳಿಕೊಳ್ಳಬೇಕಾಗುತ್ತಿತ್ತು.

ಕಲ್ಲಿನ ಚೀಲಗಳನ್ನು ನೋಡಿದ ಮರುದಿನದಿಂದ ಅವನು ಐದು ಗಂಟೆಗೇ ಏಳತೊಡಗಿದ. ಬಟ್ಟಲಲ್ಲಿ ಬ್ಲೀಚಿಂಗ್ ಪುಡಿ ಕಲಸಿ, ಹಳೆಯ ಹಲ್ಲುಜ್ಜುವ ಬ್ರಶ್ಶು ಹಿಡಿದು, ಸ್ಟೂಲಿನ ಮೇಲೆ ನಿಂತು, ಸೂರಿನ ಮೂಲೆಯಿಂದ ಕೆಳಕ್ಕೆ ಒಂದೊಂದೇ ಗೇಣು ತಿಕ್ಕಿದ. ಕಣ್ಣು ಉರಿಯುತ್ತಿತ್ತು. ಬಿಳಿಯ ನೀರು ಮೊಣಕೈವರೆಗೆ ಇಳಿದು ಬನಿಯನ್ನಿನೊಳಗೆ ಹೋಗುತ್ತಿತ್ತು. ತಾನು ಮಾಡುತ್ತಿರುವುದು ಏನು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೋದಾಮುಗಳಲ್ಲಿ ಇಂಥವರನ್ನು ನೋಡಿದ್ದ. ತಪಾಸಣೆಗೆ ಬರುವ ಮೊದಲು ಚೀಲಗಳನ್ನು ಒರೆಸಿ ತಿರುವಿಟ್ಟವರು, ಮಾತಾಡುವಾಗ ಅತಿಯಾಗಿ ಚಹಾ ಕುಡಿಸುವವರು. ಅವರನ್ನು ಕಂಡು ಅವನಿಗೆ ಅಸಹ್ಯವಾಗುತ್ತಿತ್ತು. ಈಗ ಸ್ಟೂಲಿನ ಮೇಲೆ ನಿಂತು, ಅವರಿಗೂ ಹೀಗೆಯೇ ರಟ್ಟೆ ನೋಯುತ್ತಿದ್ದಿರಬೇಕು ಎಂದುಕೊಂಡ. ಏಳು ಗಂಟೆಗೆ ಖೋತ್ ಅಕ್ಕತಂಗಿಯರು ಬರುವ ಹೊತ್ತಿಗೆ ಗೋಡೆ ಬೆಳ್ಳಗಿರುತ್ತಿತ್ತು. ರಾತ್ರಿ ಕಳೆದು ಬೆಳಗಾಗುವುದರಲ್ಲಿ ಚುಕ್ಕೆಗಳು ಮತ್ತೆ ಹಾಜರಾಗುತ್ತಿದ್ದವು, ಅವನು ಮತ್ತೆ ಸ್ಟೂಲು ಹತ್ತುತ್ತಿದ್ದ. ಮೇಲೆ ಹೊಸ ಟೈಲ್ಸು ಕೂರಿಸಿದರು. ಅಕ್ಕತಂಗಿಯರು ಬರುವುದು ನಿಂತಿತು. ಅವನು ತಿಕ್ಕುವುದು ನಿಲ್ಲಲಿಲ್ಲ, ಯಾಕೆಂದರೆ ಚಿಟಣೀಸ್ ನೋಡಲು ಬರುವುದಿತ್ತು.

ಚಿಟಣೀಸ್ ಶ್ರಾವಣದ ಮೂರನೇ ಸೋಮವಾರ ಬಂದ. ಗೋಡೆಯನ್ನು ಬೆನ್ನು ಸವರಿದ ಹಾಗೆ ಸವರಿದ. "ನೋಡಿದ್ರಾ! ನೋಡಿದ್ರಾ! ಏನು ಕಣ್ಣು ಸಾಹೇಬ್ರೆ ನಿಮ್ದು. ಪ್ಲಂಬರ್ ಕರೆಸಿದ್ರೆ ಪೈಪು ಬದಲಾಯಿಸಿ ಅಂತ ಮನೆ ಪೂರ್ತಿ ಅಗೀತಿದ್ದ," ಎಂದ. ಉಪವಾಸದವನಾದ್ದರಿಂದ ಶೈಲಜಾ ಕೊಟ್ಟ ಸಾಬೂದಾಣೆ ಖಿಚಡಿ ಎರಡು ಸಲ ಹಾಕಿಸಿಕೊಂಡು ತಿಂದ. ಹೋಗುವಾಗ, "ಮುಂದಿನ ವರ್ಷ ನಿಮ್ಮನ್ನ ಕಮಿಟಿಗೆ ತಗೊಳ್ತೀವಿ, ಇಲ್ಲ ಅನ್ನಬೇಡಿ," ಎಂದ. ಅವನು ಇಲ್ಲ ಅನ್ನಲಿಲ್ಲ. ಚಿಟಣೀಸನ ಬೆರಳುಗಳು ಬ್ಲೀಚಿಂಗ್ ಪುಡಿ ನಾರುತ್ತಿರಬೇಕು, ಖಿಚಡಿ ತಿನ್ನುವಾಗ ಗೊತ್ತಾಗಲಿಲ್ಲವೇ ಎಂದು ಆಮೇಲೆ ಬಹಳ ಹೊತ್ತು ಯೋಚಿಸಿದ.

ಆ ವಾರವೇ ಊಟಕ್ಕೆ ಕೂತಾಗ ಶೈಲಜಾ ಅನ್ನಕ್ಕೆ ಬೇಳೆಯ ವರಣ ಹಾಕುತ್ತ ಹೇಳಿದಳು: "ಪ್ರಮೀಳಾಕ್ಕ ಹೊಸ ಬಚ್ಚಲಿಗೆ ಕಾಲೇ ಇಡ್ತಿಲ್ಲವಂತೆ."

"ಯಾಕೆ?"

"ಟೈಲ್ಸು ನುಣುಪು. ಹಳೇ ಕಲ್ಲು ಒರಟಿತ್ತಲ್ಲ, ಕಾಲಿಗೆ ಗೊತ್ತಾಗ್ತಿತ್ತಂತೆ, ಇಲ್ಲಿಂದ ಬಚ್ಚಲು ಅಂತ. ಲಕ್ವ ಹೊಡೆದ ಮೇಲೆ ಮಂದಾತಾಯಿ ಒಂದು ವರ್ಷ ಕಷ್ಟಪಟ್ಟು ಕಲಿಸಿದ್ದು, ಮಂಚದಿಂದ ಹದಿನಾಲ್ಕು ಹೆಜ್ಜೆ. ನಮ್ಮನೆ ನೆಲ ಅವಳಿಗೆ ಹೊಸದು ಅಂತ ಹದಿನೈದು ದಿನ ಕೈ ಹಿಡಿಸ್ಕೊಂಡು ಹೇಗೋ ಮಾಡಿದ್ಲು. ತನ್ನ ಮನೆಗೆ ಹೋದ್ರೆ ಸರಿಹೋಗತ್ತೆ ಅಂತಿದ್ದೆವು. ಈಗ ಹೊಸ್ತಿಲ ತನಕ ಬರ್ತಾಳೆ, ಕಾಲು ಎತ್ತುತ್ತಾಳೆ, ಹಿಂದಕ್ಕೆ ತಗೊಂಡುಬಿಡ್ತಾಳೆ. ಕೋಣೇಲೇ ಕುರ್ಚಿ ಮೇಲೆ ಕೂರಿಸಿ ಮೈ ಒರೆಸ್ತಿದಾರೆ. ಮೊದಲ ದಿನ ಅತ್ತಳಂತೆ. ಈಗ ಅಳೋದೂ ಇಲ್ಲವಂತೆ."

ಅವನು ಅನ್ನ ಕಲಸಿದ. ಕಲಸುತ್ತಲೇ ಇದ್ದ. ತಾನು ಒಂದು ವಾಕ್ಯ ಬರೆದೆ, ಆ ವಾಕ್ಯದಲ್ಲಿ ಪ್ರಮೀಳಾಕ್ಕ ಎಂಬ ಶಬ್ದ ಇರಲೇ ಇಲ್ಲ ಎಂದು ಅನ್ನಿಸಿತು. ಸದರಿ ತೇವವು ಎಂದಿತ್ತು. ಇಳಿದಿರುತ್ತದೆ ಎಂದಿತ್ತು.

"ಕಲಸಿದ್ದು ಸಾಕು, ತಿನ್ನಿ," ಎಂದಳು ಶೈಲಜಾ.

"ಶೈಲಾ, ಅದು ಮೇಲಿನಿಂದ ಬಂದಿದ್ದಲ್ಲ."

"ಯಾವುದು?"

"ಬೂಷ್ಟು. ಗಾಳಿಕಿಂಡಿ ಮುಚ್ಚಿದ್ದಕ್ಕೆ ಬಂದಿದ್ದು. ನಾನು ಬೆಳಿಗ್ಗೆ ಎದ್ದು..."

"ಬೆಳಿಗ್ಗೆ ಐದಕ್ಕೆ ಎದ್ದು ಗೋಡೆ ತಿಕ್ತೀರಿ. ಗೊತ್ತು. ನಿಮ್ಮ ಬನಿಯನ್ನಿನ ಕಂಕುಳು ನೋಡ್ಕೊಂಡಿದೀರಾ, ತೂತು ಬಿದ್ದಿದೆ."

"ಮತ್ತೆ ಯಾಕೆ ಕೇಳಲಿಲ್ಲ?"

"ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಬಚ್ಚಲು ತೊಳೀತಿದ್ರಿ. ಕೇಳಿ ನಿಲ್ಲಿಸಲಾ?" ಎಂದು ಅವಳು ಸೌಟನ್ನು ಪಾತ್ರೆಗೆ ಹಾಕಿದಳು. ಹಾಕಿದ ಮೇಲೆ ಅವನು ಮೊದಲು ಹೇಳಿದ ಮಾತು ಅವಳನ್ನು ತಲುಪಿತು. ಮುಖ ಬೇರೆಯಾಯಿತು. "ಅಂದ್ರೆ? ಮೊದಲೇ ಗೊತ್ತಿತ್ತಾ ನಿಮಗೆ? ಗೊತ್ತಿದ್ದೂ ಆ ಇಬ್ಬರ ನೆಲ ಒಡೆಸಿದ್ರಾ?"

"ಬರೆಯುವಾಗ ಗೊತ್ತಿರಲಿಲ್ಲ. ಒಡೆಯುವಾಗ ಗೊತ್ತಾಯ್ತು."

"ಅರ್ಧಕ್ಕೆ ನಿಲ್ಲಿಸಬಹುದಿತ್ತು."

"ಹೌದು."

ಅವಳು ಎದ್ದು ತನ್ನ ತಟ್ಟೆಯನ್ನು ಒಯ್ದು ಸಿಂಕಿನಲ್ಲಿಟ್ಟಳು. ಅದರಲ್ಲಿ ಅನ್ನ ಹಾಗೇ ಇತ್ತು. ಯಾಕೆ ಮುಚ್ಚಿದ್ದು ಎಂದು ಅವಳು ಕೇಳುತ್ತಾಳೆಂದು ಅವನು ಕಾದ. ಮೇಕೆಯ ವಿಷಯವನ್ನು ಹೇಳಲು ಮನಸ್ಸಿನಲ್ಲೇ ನಾಲ್ಕು ಸಲ ವಾಕ್ಯ ಜೋಡಿಸಿಕೊಂಡ. ಅವಳು ಕೇಳಲಿಲ್ಲ. ಎರಡು ದಿನ ಅವನ ಜೊತೆ ಅಗತ್ಯಕ್ಕಿಂತ ಒಂದು ಮಾತೂ ಹೆಚ್ಚು ಆಡಲಿಲ್ಲ.

ಶನಿವಾರ ಅವನು ಎರಡನೆಯ ವರದಿ ಬರೆದ. ಹಿಂದಿನದು ತಪ್ಪು, ತೇವವು ತನ್ನದೇ ಮನೆಯ ಗಾಳಿಕಿಂಡಿ ಮುಚ್ಚಿದ ಕಾರಣ ಒಳಗೇ ಹುಟ್ಟಿದ್ದು, ಮೂರನೇ ಮಹಡಿಯವರದು ಯಾವ ತಪ್ಪೂ ಇಲ್ಲ, ಇದನ್ನು ಸಭೆಯಲ್ಲಿ ಓದಬೇಕು ಮತ್ತು ಬೋರ್ಡಿಗೆ ಹಾಕಬೇಕು. ಸ್ವಚ್ಛವಾಗಿ ನಕಲು ತೆಗೆದು ಚಿಟಣೀಸನ ಮನೆಗೆ ಒಯ್ದ. ಚಿಟಣೀಸ್ ಕನ್ನಡಕ ಹಾಕಿಕೊಂಡು ಓದಿದ, ತೆಗೆದ, ಒರೆಸಿಕೊಂಡು ಮತ್ತೆ ಓದಿದ.

"ಏನಾಗಿದೆ ಸಾಹೇಬ್ರೆ ನಿಮಗೆ? ಆರೋಗ್ಯ ಸರಿ ಇದೆಯಾ?"

"ಸರಿ ಇದೆ."

"ಮುಗಿದುಹೋಗಿದ್ದನ್ನ ಯಾಕೆ ಕೆದಕ್ತೀರಿ? ಸಭೆಯ ಪುಸ್ತಕದಲ್ಲಿ ಬರೆದು ಆಗಿದೆ, ಎಲ್ಲರೂ ಸಹಿ ಹಾಕಿ ಆಗಿದೆ. ಈಗ ತಪ್ಪು ಅಂತ ಓದಿದ್ರೆ ನಲವತ್ತು ಜನ ಮೂರ್ಖರು ಅಂದ ಹಾಗಾಗಲ್ವಾ? ಹೋಗಲಿ, ನಿಮ್ಮ ವರದಿ ನೋಡಿ ನಾನೂ ನಮ್ಮ ಮೇಲಿನವರಿಗೆ ನೋಟೀಸು ಕೊಟ್ಟಿದೀನಿ. ನಮ್ಮ ಬಚ್ಚಲಲ್ಲೂ ಮೂಲೇಲಿ ಕಪ್ಪು ಕಾಣ್ತಿದೆ."

"ನಿಮ್ಮ ಗಾಳಿಕಿಂಡಿ ತೆಗೆದಿದೆಯಾ?"

"ಅಲ್ಲಿ ಹಳೇ ಪೇಪರು ಇಟ್ಟಿದೀನಿ," ಎಂದ ಚಿಟಣೀಸ್. ಆಮೇಲೆ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಪ್ರೀತಿಯಿಂದ, ತಾಮ್ಹಣೆಯ ಅಂಗಿಯ ಜೇಬಿಗೆ ತಾನೇ ತುರುಕಿದ. "ಚಹಾ ಕುಡಿದು ಹೋಗಿ. ನಾಳೆ ಭಾನುವಾರ, ನಿದ್ದೆ ಮಾಡಿ."

ಚಹಾ ಕುಡಿದ. ಮೆಟ್ಟಿಲಿಳಿಯುವಾಗ ಎದೆಯ ಮೇಲೆ ಕಾಗದ ಗರಗರ ಎನ್ನುತ್ತಿತ್ತು. ಒಂದು ತಪ್ಪನ್ನು ಒಪ್ಪಿಸುವುದಕ್ಕೂ ಯಾರಾದರೂ ಅದನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಅವನಿಗೆ ಈವರೆಗೆ ಹೊಳೆದಿರಲಿಲ್ಲ. ಮನೆಗೆ ಬಂದವನು ಸ್ಟೂಲು ಎಳೆದುಕೊಂಡು, ಸುತ್ತಿಗೆಯ ಹಿಂಬದಿಯಿಂದ ಹನ್ನೆರಡು ಮೊಳೆಗಳನ್ನೂ ಕಿತ್ತ. ಹಲಗೆಯ ಒಳಮೈ ತುಂಬ ಬೂಷ್ಟು ಕಂಬಳಿಯ ಹಾಗೆ ದಪ್ಪಗೆ ಬೆಳೆದಿತ್ತು. ಕಿಂಡಿಯಿಂದ ಗಾಳಿ ಬಂತು. ಯಾರದೋ ಮನೆಯ ಒಗ್ಗರಣೆ, ಯಾರದೋ ಫ್ಲಶ್ಶು, ಯಾರೋ ಮಗುವಿಗೆ ಮಗ್ಗಿ ಹೇಳಿಸುವುದು ಎಲ್ಲ ಬಂತು. ಶೈಲಜಾ ಬಾಗಿಲಲ್ಲಿ ನಿಂತು ನೋಡಿ, ಮೂಗಿಗೆ ಸೆರಗು ಹಿಡಿದು, "ಅದನ್ನ ಮನೆಯೊಳಗೆ ಇಡಬೇಡಿ," ಎಂದಳು. ಎರಡು ದಿನದಲ್ಲಿ ಅವಳಾಡಿದ ಅತಿ ಉದ್ದದ ಮಾತು ಅದು. ಅವನು ಹಲಗೆಯನ್ನು ಕೆಳಗೆ ಕಸದ ಹತ್ತಿರ ಇಟ್ಟು, ಕೈ ತೊಳೆದು, ತಿರುಗಿ ಬರುವಾಗ ಎರಡನೇ ಮಹಡಿಯಲ್ಲಿ ನಿಲ್ಲದೆ ಮೂರನೆಯದಕ್ಕೆ ಹತ್ತಿದ.

ಬಾಗಿಲು ತೆರೆದ ಮಂದಾತಾಯಿಯ ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು, ತೋಳು ಒದ್ದೆಯಾಗಿತ್ತು. "ಬನ್ನಿ ಭಾವೋಜಿ. ಮತ್ತೆ ತೇವ ಬಂತಾ?" ಎಂದಳು.

ಪ್ರಮೀಳಾಕ್ಕ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಅವಳ ಸುತ್ತ ನೆಲದ ಮೇಲೆ ಹಳೆಯ ಬೆಡ್‌ಶೀಟು ಹಾಸಿತ್ತು, ಪಕ್ಕದಲ್ಲಿ ಬಕೆಟ್ಟು. ಅವನು ಕೂರಲಿಲ್ಲ.

"ತೇವ ಮೇಲಿನಿಂದ ಬಂದಿದ್ದಲ್ಲ ಮಂದಾತಾಯಿ. ನಮ್ಮಲ್ಲೇ ಹುಟ್ಟಿದ್ದು. ನಾನು ತಪ್ಪು ಬರೆದೆ."

"ಗೊತ್ತು," ಎಂದಳು ಅವಳು, ಟವೆಲು ಹಿಂಡುತ್ತ.

"ಯಾವಾಗಿಂದ?"

"ನಿಮ್ಮಲ್ಲಿ ಸ್ನಾನಕ್ಕೆ ಬಂದ ಮೊದಲ ದಿನಾನೇ. ಒಳಗೆ ನಿಂತ್ರೆ ಉಸಿರು ಕಟ್ತಿತ್ತು. ಹಳೇ ಆಸ್ಪತ್ರೇಲಿ ಒಂದು ವಾರ್ಡಿತ್ತು, ಹಾಗೇ. ಆಮೇಲೆ ಬ್ಲೀಚಿಂಗ್ ವಾಸನೆ ಶುರುವಾಯ್ತು. ಪಾಪ ಭಾವೋಜಿ ತಿಕ್ತಿದಾರೆ ಅಂದ್ಕೊಂಡೆ."

"ಹೇಳಬಹುದಿತ್ತಲ್ಲ ನೀವು."

"ಹೇಳಿ? ಅಷ್ಟರಲ್ಲಿ ಕಲ್ಲು ಚೀಲಕ್ಕೆ ಹೋಗಿತ್ತು. ಜೋಡಿಸಿ ಕೊಡ್ತಿದ್ರಾ?" ದನಿ ಏರಲಿಲ್ಲ. ರೋಗಿಗೆ ಜ್ವರ ಎಷ್ಟೆಂದು ಹೇಳುವ ಹಾಗೆ ಹೇಳಿದಳು. "ಮತ್ತೆ, ಮಾರನೇ ದಿನ ಇವಳಿಗೆ ಸ್ನಾನ ಮಾಡಿಸೋಕೆ ನಿಮ್ಮನೆಗೇ ಬರಬೇಕಿತ್ತು. ಜಗಳ ಆಡ್ಕೊಂಡು ಯಾರ ಮನೆಗೆ ಬಕೆಟ್ಟು ತಗೊಂಡು ಹೋಗಲಿ?"

ಅವನು ಜೇಬಿನ ಕಾಗದ ತೆಗೆದು ಕೊಟ್ಟ. ಅವಳು ಒದ್ದೆ ಕೈಯಲ್ಲೇ ಹಿಡಿದು ಓದಿದಳು. ಶಾಯಿ ಅವಳ ಹೆಬ್ಬೆರಳಿನಡಿ ಹರಡಿತು.

"ಪಾರಿವಾಳ ಅಂದಿದ್ರಲ್ಲ. ಇದರಲ್ಲಿ ಅದಿಲ್ಲ."

"ಪಾರಿವಾಳ ಅಲ್ಲ. ಸ್ನಾನ ಮಾಡುವಾಗ ಹಾಡ್ತಿದ್ದೆ. ಒಂದು ದಿನ ಯಾರೋ ಅಣಕಿಸಿ ನಕ್ಕರು." ಐವತ್ತಾರು ವರ್ಷದ ಬಾಯಿಂದ ಆ ಮಾತು ಹೊರಬಿದ್ದಾಗ ಕೋಣೆಯಲ್ಲಿ ಅದು ಬಹಳ ಸಣ್ಣದಾಗಿ ಕೇಳಿಸಿತು.

ಮಂದಾತಾಯಿ ಕಾಗದದಿಂದ ತಲೆಯೆತ್ತಿ ಅವನನ್ನು ನೋಡಿದಳು, ಆಮೇಲೆ ಕುರ್ಚಿಯ ಕಡೆ ನೋಡಿದಳು. "ಅದು ಇವಳೇ," ಎಂದಳು. "ಇವಳಿಗೆ ಆಗ ಎಲ್ಲರ ನಕಲು ಮಾಡೋ ಚಟ. ಎಕ್ಸ್‌ಚೇಂಜಲ್ಲಿ ದೊಡ್ಡ ಸಾಹೇಬರ ನಕಲು ಮಾಡಿ ಒಂದು ಸಲ ಮೆಮೋ ತಗೊಂಡಿದ್ಲು. ನಿಮ್ಮದು ಮಾಡಿದಾಗ ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ, ಮೇಲಿನವರೂ ನಕ್ಕರು. ನೀವು ನಿಲ್ಲಿಸಿಬಿಟ್ಟಾಗ ಇವಳು ಒಂದು ವಾರ ಬೇಜಾರು ಮಾಡ್ಕೊಂಡಿದ್ಲು, ಕ್ಷಮೆ ಕೇಳಬೇಕಿತ್ತು ಅಂತಿದ್ಲು. ಹೋಗೋಣ ಹೋಗೋಣ ಅನ್ನೋದರಲ್ಲಿ ಇದು ಬಂತು," ಎಂದು ಅಕ್ಕನ ಬಿದ್ದುಹೋದ ಭುಜವನ್ನು ತೋರಿಸಿದಳು.

ಪ್ರಮೀಳಾಕ್ಕ ಇಬ್ಬರನ್ನೂ ನೋಡುತ್ತಿದ್ದಳು. ಮಾತು ಅವಳಿಗೆ ಪೂರ್ತಿ ತಿಳಿಯುತ್ತಿತ್ತೆಂದು ಕಣ್ಣು ಹೇಳುತ್ತಿತ್ತು. ಅವನು ತಿಂಗಳುಗಟ್ಟಲೆ ಮೆಟ್ಟಿಲ ಮೇಲೆ ಹುಡುಕಿದ್ದ ಗಂಟಲು ಅದು. ಅದಕ್ಕೆ ತಾನು ಏನು ಮಾಡಬೇಕೆಂದಿದ್ದೆ ಎಂದು ನೆನಪಿಸಿಕೊಳ್ಳಲು ನೋಡಿದ. ಏನೂ ನೆನಪಾಗಲಿಲ್ಲ. ಅವಳ ತುಟಿಯ ಎಡ ಅಂಚು ಸ್ವಲ್ಪ ಮೇಲೆ ಹೋಯಿತು. ನಗುವೋ, ಬರೀ ಸ್ನಾಯುವೋ.

"ಬಂದಿದೀರಲ್ಲ, ಒಂದು ಕೆಲಸ ಮಾಡಿ," ಎಂದಳು ಮಂದಾತಾಯಿ, ಕಾಗದವನ್ನು ಪಂಚಾಂಗದ ಕೆಳಗಿಟ್ಟು. "ಇವಳ ಆ ಕಡೆ ರಟ್ಟೆ ಹಿಡ್ಕೊಳ್ಳಿ. ನಂದೊಬ್ಬಳದೇ ಕೈಲಿ ಆಗ್ತಿಲ್ಲ. ದಿನಾ ಒಂದು ಸಲ ಹೊಸ್ತಿಲ ತನಕ ಕರ್ಕೊಂಡು ಹೋಗ್ತೀನಿ, ವಾಪಸ್ ಕರ್ಕೊಂಡು ಬರ್ತೀನಿ."

ಅವನು ಪ್ಯಾಂಟನ್ನು ಎರಡು ಮಡಿಕೆ ಮೇಲೆತ್ತಿದ. ಪರಸ್ತ್ರೀಯ ರಟ್ಟೆಯನ್ನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ಮೊದಲು ಸೀರೆಯ ಮೇಲೆ, ಆಮೇಲೆ ಮೊಣಕೈ ಹತ್ತಿರ ಹಿಡಿದ. "ಕಂಕುಳಲ್ಲಿ ಕೈ ಹಾಕಿ, ಹೂವಿನ ಬುಟ್ಟಿ ಹಿಡಿದ ಹಾಗಲ್ಲ," ಎಂದಳು ಮಂದಾತಾಯಿ. ಹಾಕಿದ. ಮೂವರೂ ಎದ್ದರು. ಒಂದು, ಎರಡು ಎಂದು ಮಂದಾತಾಯಿ ಎಣಿಸತೊಡಗಿದಳು. ಹನ್ನೆರಡಕ್ಕೆ ಬಚ್ಚಲ ಹೊಸ್ತಿಲು ಬಂತು. ಒಳಗೆ ಬಿಳಿ ಟೈಲ್ಸು ಟ್ಯೂಬ್‌ಲೈಟಿನಡಿ ಹಾಲಿನ ಹಾಗೆ ಹೊಳೆಯುತ್ತಿತ್ತು. ಎಲ್ಲಿ ನೆಲ ಮುಗಿದು ಎಲ್ಲಿ ಗೋಡೆ ಶುರುವಾಗುತ್ತದೆ ಎಂದು ಅವನಿಗೇ ಗೊತ್ತಾಗಲಿಲ್ಲ. ಪ್ರಮೀಳಾಕ್ಕ ಬಲಗಾಲು ಎತ್ತಿದಳು. ಪಾದ ಗಾಳಿಯಲ್ಲಿ ನಿಂತು, ಏನನ್ನೋ ಹುಡುಕಿ, ಹಿಂದಕ್ಕೆ ಬಂತು.

"ಏನೂ ಆಗಲ್ಲ ಅಕ್ಕ, ಬಾ," ಎಂದಳು ಮಂದಾತಾಯಿ. ಈ ಮಾತನ್ನು ಅವಳು ಇಷ್ಟು ದಿನದಲ್ಲಿ ನೂರು ಸಲ ಹೇಳಿರಬೇಕು, ದನಿ ಹಾಗಿತ್ತು. "ಭಾವೋಜಿ, ನೀವು ಮೊದಲು ಕಾಲಿಡಿ, ನೋಡಲಿ."

ಅವನು ಕಾಲಿಟ್ಟ. ಅಲ್ಲಿ ಸ್ವಲ್ಪ ನೀರು ನಿಂತಿತ್ತು. ಹಿಮ್ಮಡಿ ತನ್ನಷ್ಟಕ್ಕೆ ಮುಂದೆ ಹೋಯಿತು, ಇನ್ನೊಂದು ಕಾಲು ಹೊಸ್ತಿಲಾಚೆಯೇ ಉಳಿಯಿತು, ಒಂದು ಕ್ಷಣ ಅವನು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡು ಇತ್ತಲೂ ಅಲ್ಲದೆ ಅತ್ತಲೂ ಅಲ್ಲದೆ ನಿಂತ. ಏನೋ ಅವನ ಅಂಗಿಯನ್ನು ಬಿಗಿಯಾಗಿ ಹಿಡಿದಿತ್ತು. ನೋಡಿದರೆ ಪ್ರಮೀಳಾಕ್ಕನ ಎಡಗೈ, ಅವಳ ಒಳ್ಳೆಯ ಕೈ. ಅವಳ ಬಾಯಿ ತೆರೆದಿತ್ತು. ಗಂಟಲಿನಲ್ಲಿ ಏನೋ ಹತ್ತಿತು, ಇಳಿಯಿತು, ಮತ್ತೆ ಹತ್ತಿತು.

"ಜಾ... ಜಾರತ್ತೆ," ಎಂದಳು.

ಮಂದಾತಾಯಿ ಏನೋ ಹೇಳಹೋದಳು. ಅದಕ್ಕೆ ಮೊದಲೇ ಅವನು ಚೌಕಟ್ಟನ್ನು ಬಿಡದೆ, "ಹೌದು ಅಕ್ಕ. ಜಾರತ್ತೆ. ನೀವು ಹೇಳೋದು ಸರಿ," ಎಂದ.

ಅವಳು ಅವನ ಮುಖವನ್ನು ನೋಡಿದಳು. ಆಮೇಲೆ ಅಂಗಿಯನ್ನು ಬಿಟ್ಟು ಅವನ ರಟ್ಟೆ ಹಿಡಿದು, ಒಂದು ಸಲ ಉಸಿರು ಬಿಟ್ಟು, ಬಲಗಾಲನ್ನು ಎತ್ತಿ ಆ ಬಿಳಿಯ ಮೇಲೆ ಇಟ್ಟಳು. ಮೈಯ ಭಾರವನ್ನೆಲ್ಲ ಅವನ ತೋಳಿಗೆ ಬಿಟ್ಟಳು. ನೋಡಿದರೆ ಹಾಗೆ ಕಾಣುತ್ತಿರಲಿಲ್ಲ, ತುಂಬ ಭಾರವಿದ್ದಳು.